ಒಬ್ಬರಿಗೆ ಒಗ್ಗಿದ ಮಾತ್ರೆ ಇನ್ನೊಬ್ಬರಿಗೆ ಏಕಲ್ಲ?

ಬಿಪಿ ಮಾತ್ರೆ ನುಂಗುವ ಇಬ್ಬರು ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತರೆ ಮಾತು ಮಳೆ-ಬೆಳೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ‘ನಿಮಗೆ ಯಾವುದು ಕೊಟ್ಟಿದ್ದಾರೆ?’ ‘ಟೆಲ್ಮಿಸಾರ್ಟನ್ 40.’ ‘ನನಗೆ ಅಮ್ಲೋಡಿಪಿನ್ 5. ಹಾಗಾದ್ರೆ ನಿಮಗೇ ಜಾಸ್ತಿ ಬಿಡಿ.’ ಕೇಳಿಸಿಕೊಂಡವರ ಮುಖ ಸಣ್ಣಗಾಗುತ್ತದೆ. ಆದರೆ ಆ ಲೆಕ್ಕವೇ ತಪ್ಪು. ಬೇರೆ ಬೇರೆ ಔಷಧಗಳ ಮಿಲಿಗ್ರಾಂಗಳನ್ನು ಹೋಲಿಸುವುದು ಸೇರಿಗೂ ಮೊಳಕ್ಕೂ ತಾಳೆ ಹಾಕಿದಂತೆ. ಅಮ್ಲೋಡಿಪಿನ್‌ಗೆ 5 ಹೇಗೆ ರೂಢಿಯ ಡೋಸೋ ಟೆಲ್ಮಿಸಾರ್ಟನ್‌ಗೆ 40 ಹಾಗೆ.

ಹೃದಯ, ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವಿಕೆ, ಈ ಮೂರರ ಔಷಧಗಳನ್ನೂ ‘ಸ್ಟ್ರಾಂಗ್’, ‘ಲೈಟ್’ ಎಂದು ಭಾಗ ಮಾಡಿ ಯಾವ ವೈದ್ಯರೂ ಬರೆಯುವುದಿಲ್ಲ. ಕಾಯಿಲೆಯ ಜೊತೆಗೆ ಆ ಮನುಷ್ಯನಲ್ಲಿ ಇನ್ನೇನಿದೆ ಎಂದು ನೋಡುತ್ತಾರೆ. ಕಿಡ್ನಿ ಹೇಗಿದೆ, ಉಬ್ಬಸ ಇದೆಯೇ, ಗರ್ಭಿಣಿಯೇ, ನಾಡಿ ನಿಧಾನವೇ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರಲು ಊರಿನಿಂದ ಬಸ್ಸಿದೆಯೇ? ಕೊನೆಯದು ವೈದ್ಯಕೀಯಕ್ಕೆ ಸಂಬಂಧಿಸದ ಪ್ರಶ್ನೆಯಂತೆ ಕಂಡರೂ ಕೆಲವೊಮ್ಮೆ ಅದೇ ಔಷಧವನ್ನು ನಿರ್ಧರಿಸುತ್ತದೆ.

ಒತ್ತಡ ಇಳಿಸುವ ದಾರಿಗಳು

ತೋಟಕ್ಕೆ ನೀರು ಹಾಯಿಸಿದವರಿಗೆ ರಕ್ತದೊತ್ತಡವನ್ನು ವಿವರಿಸುವುದು ಸುಲಭ. ಪಂಪು ಜೋರಾಗಿ ಒತ್ತಿದರೂ, ಪೈಪು ಕಿರಿದಾದರೂ, ಒಳಗಿನ ನೀರು ಹೆಚ್ಚಾದರೂ ಒತ್ತಡ ಏರುತ್ತದೆ. ದೇಹದಲ್ಲಿ ಪಂಪು ಹೃದಯ, ಪೈಪು ರಕ್ತನಾಳ, ನೀರಿನ ಲೆಕ್ಕ ಇಡುವುದು ಕಿಡ್ನಿ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುವುದು ಭಾರತದಲ್ಲಿ ರೂಢಿ.

ಔಷಧಗಳೂ ಇದೇ ಮೂರು ಕಡೆ ಕೈ ಹಾಕುತ್ತವೆ. ಅಮ್ಲೋಡಿಪಿನ್‌ನಂಥ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತವೆ. ಕ್ಲೋರ್‌ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್‌ನಂಥ ಮೂತ್ರವರ್ಧಕಗಳು ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಹಾಕಿಸುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಹೃದಯದ ಓಟವನ್ನು ತಗ್ಗಿಸುತ್ತವೆ. ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟನ್’ ಇರುವ ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್‌ಗಳು ರಕ್ತನಾಳ ಹಿಂಡುವ ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕಕ್ಕೆ ಅಡ್ಡಗಟ್ಟುತ್ತವೆ.

ಇವುಗಳಲ್ಲಿ ಯಾವುದು ಮೇಲು? ಅಮೆರಿಕದಲ್ಲಿ ನಡೆದ ಆಲ್‌ಹ್ಯಾಟ್ ಅಧ್ಯಯನದಲ್ಲಿ 33 ಸಾವಿರಕ್ಕೂ ಹೆಚ್ಚು ಮಂದಿಗೆ ಕ್ಲೋರ್‌ಥಾಲಿಡೋನ್, ಅಮ್ಲೋಡಿಪಿನ್, ಲಿಸಿನೊಪ್ರಿಲ್ ಹಂಚಿ ವರ್ಷಗಟ್ಟಲೆ ನೋಡಿದರು. 2002ರಲ್ಲಿ ಫಲಿತಾಂಶ ಬಂದಾಗ ಹೃದಯಾಘಾತ ತಡೆಯುವುದರಲ್ಲಿ ಮೂರೂ ಸಮಸಮ. ಹಳೆಯ, ಅಗ್ಗದ ಮೂತ್ರವರ್ಧಕ ದುಬಾರಿ ಮಾತ್ರೆಗಳ ಮುಂದೆ ಸೋಲಲಿಲ್ಲ. 2017ರಲ್ಲಿ ಆರಂಭವಾದ ಭಾರತದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವೂ ಸರಳ ದಾರಿ ಹಿಡಿಯಿತು: ಹೆಚ್ಚಿನ ಕಡೆ ಅಮ್ಲೋಡಿಪಿನ್ 5ರಿಂದ ಶುರು, ಸಾಲದಿದ್ದರೆ ಟೆಲ್ಮಿಸಾರ್ಟನ್, ಆಮೇಲೆ ಮೂತ್ರವರ್ಧಕ.

ಇನ್ನೊಂದು ಮಾತು. ಒಂದೇ ಮಾತ್ರೆಯ ಡೋಸನ್ನು ಇಮ್ಮಡಿ ಮಾಡಿದರೆ ಪರಿಣಾಮ ಇಮ್ಮಡಿಯಾಗುವುದಿಲ್ಲ, ತೊಂದರೆ ಮಾತ್ರ ಹೆಚ್ಚುತ್ತದೆ. ಎರಡು ಬಗೆಯ ಔಷಧಗಳನ್ನು ಕಡಿಮೆ ಡೋಸಿನಲ್ಲಿ ಜೋಡಿಸಿದರೆ ಒತ್ತಡ ಚೆನ್ನಾಗಿ ಇಳಿಯುತ್ತದೆ. ‘ಒಂದರಿಂದ ಎರಡು ಮಾತ್ರೆಯಾಯಿತು, ಕಾಯಿಲೆ ಉಲ್ಬಣಿಸಿತು’ ಎಂದು ಕಂಗೆಡುವವರು ಇದನ್ನು ನೆನಪಿಡಬೇಕು.

ಆಯ್ಕೆ ಕವಲೊಡೆಯುವ ಜಾಗಗಳು

ಸಕ್ಕರೆ ಕಾಯಿಲೆ ಇದ್ದು ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ ಪ್ರಿಲ್ ಅಥವಾ ಸಾರ್ಟನ್‌ಗೆ ಮೊದಲ ಮಣೆ. ಕಿಡ್ನಿಯನ್ನು ಅವು ಕಾಯುತ್ತವೆ. ಅದೇ ಔಷಧ ಗರ್ಭಿಣಿಗೆ ನಿಷಿದ್ಧ, ಮಗುವಿನ ಕಿಡ್ನಿಗೇ ಅದು ಏಟು. ಗರ್ಭಿಣಿಯರಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಕೊಡುತ್ತಾರೆ. ಮದುವೆಯಾಗಿ ಮಕ್ಕಳ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು, ಮುಟ್ಟು ನಿಂತ ಮೇಲಲ್ಲ.

ಉಬ್ಬಸದವರಿಗೆ ಬೀಟಾ ಬ್ಲಾಕರ್ ಶ್ವಾಸನಾಳವನ್ನು ಬಿಗಿಗೊಳಿಸಬಹುದು. ಯೂರಿಕ್ ಆಮ್ಲ ಹೆಚ್ಚಿ ಹೆಬ್ಬೆರಳು ಊದುವ ಗೌಟ್ ಇದ್ದವರಿಗೆ ಥಯಾಜೈಡ್ ಬಗೆಯ ಮೂತ್ರವರ್ಧಕ ಹಿಡಿಸದು. ಅಮ್ಲೋಡಿಪಿನ್ ತೆಗೆದುಕೊಳ್ಳುವವರ ಪಾದ ಸಂಜೆಯ ಹೊತ್ತಿಗೆ ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತದೆ. ಇದು ಕಿಡ್ನಿ ಕೆಟ್ಟದ್ದರ ಗುರುತಾಗಿರಬೇಕಿಲ್ಲ, ಮಾತ್ರೆಯ ಗುಣವೇ ಇರಬಹುದು. ಡೋಸ್ ಇಳಿಸಿದರೆ ಅಥವಾ ಸಾರ್ಟನ್ ಜೊತೆ ಮಾಡಿದರೆ ಊತ ತಗ್ಗುವುದುಂಟು.

ಎಳನೀರಿನ ವಿಷಯ ನಮ್ಮಲ್ಲಿ ಹೇಳಲೇಬೇಕು. ಪ್ರಿಲ್, ಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಎಂಬ ಮೂತ್ರವರ್ಧಕ, ಈ ಮೂರೂ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ. ಎಳನೀರು ಪೊಟ್ಯಾಸಿಯಂನ ಕಣಜ. ‘ಬಿಪಿಗೆ ಒಳ್ಳೆಯದು’ ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಸರಿಯಿದ್ದವರು ಇದಕ್ಕೆ ಚಿಂತಿಸಬೇಕಿಲ್ಲ. ಕಿಡ್ನಿ ಸೋತವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪೀತು.

ಹಾವಿನ ವಿಷ ಮತ್ತು ಸರ್ಪಗಂಧ

ಪ್ರಿಲ್‌ಗಳ ಹುಟ್ಟು ಬ್ರೆಜಿಲ್‌ನ ಜರಾರಾಕ ಎಂಬ ಮಂಡಲದ ಹಾವಿನಲ್ಲಿ. ಅದು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತಿತ್ತು. ಆ ವಿಷದಲ್ಲಿ ಬ್ರಾಡಿಕೈನಿನ್ ಎಂಬ ವಸ್ತುವಿನ ಬಲ ಹೆಚ್ಚಿಸುವ ಅಂಶವಿದೆಯೆಂದು 1965ರಲ್ಲಿ ಸೆರ್ಜಿಯೊ ಫೆರೇರಾ ತೋರಿಸಿದರು. ಅದರ ಎಳೆ ಹಿಡಿದು ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟಿ ರೂಪಿಸಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಎನಲಾಪ್ರಿಲ್ ನುಂಗಿದವರನ್ನು ರಾತ್ರಿಯಿಡೀ ಕಾಡುವ ಒಣ ಕೆಮ್ಮಿಗೂ ಈ ಬ್ರಾಡಿಕೈನಿನ್ನೇ ಮುಖ್ಯ ಕಾರಣ. ಔಷಧ ಅದನ್ನು ಒಡೆಯಲು ಬಿಡದೆ ಗಂಟಲು, ಶ್ವಾಸಕೋಶದಲ್ಲಿ ಉಳಿಸುತ್ತದೆ. ಸಾರ್ಟನ್‌ಗಳು ಅದರ ತಂಟೆಗೆ ಹೋಗುವುದಿಲ್ಲ, ಹಾಗಾಗಿ ಕೆಮ್ಮು ವಿರಳ. ಕೆಮ್ಮಿನ ಸಿರಪ್ ಕುಡಿದು ಕುಡಿದು ಬೇಸತ್ತವರು ತಮ್ಮ ಬಿಪಿ ಮಾತ್ರೆಯ ಹೆಸರನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ನಮ್ಮ ನಾಡಿನ ಕೊಡುಗೆಯೂ ಒಂದಿದೆ. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬೈನ ಹೃದ್ರೋಗ ತಜ್ಞ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದಿಂದ ಅದು ಜಗತ್ತಿನ ಕಣ್ಣಿಗೆ ಬಿತ್ತು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಒಂದು ಕಾಲಕ್ಕೆ ಮೆರೆದ ಔಷಧ ಅದು. ಮಂಕುತನ, ಮೂಗು ಕಟ್ಟುವಿಕೆಗಳ ದೂರಿನಿಂದಾಗಿ ಹಿಂದೆ ಸರಿಯಿತು. ಗಿಡಮೂಲಿಕೆಯೆಂದರೆ ಅಡ್ಡಪರಿಣಾಮವಿಲ್ಲ ಎನ್ನುವವರು ಸರ್ಪಗಂಧದ ಕಥೆ ಓದಬೇಕು.

ಹೆಪ್ಪು ಎರಡು ಬಗೆ

‘ರಕ್ತ ತೆಳುವಾಗಿಸುವ ಮಾತ್ರೆ’ ಎಂಬ ಹೆಸರು ರೂಢಿಗೆ ಬಂದುಬಿಟ್ಟಿದೆ. ನಿಜದಲ್ಲಿ ಯಾವ ಮಾತ್ರೆಯೂ ರಕ್ತವನ್ನು ನೀರು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ ಅಷ್ಟೆ. ಹೆಪ್ಪು ಕೂಡ ಒಂದೇ ಬಗೆಯದಲ್ಲ.

ಹೃದಯದ ಅಪಧಮನಿಯೊಳಗೆ ಕೊಬ್ಬಿನ ಗಂಟು ಬಿರಿದಾಗ ರಭಸದ ಹರಿವಿನಲ್ಲಿ ಮೊದಲು ಮುತ್ತಿಕೊಳ್ಳುವುದು ಪ್ಲೇಟ್‌ಲೆಟ್‌ಗಳು. ಹೌದು, ಡೆಂಗಿ ಕಾಲದಲ್ಲಿ ಎಲ್ಲರ ಬಾಯಲ್ಲೂ ಬರುವ ಅವೇ. ಇಲ್ಲಿ ಕೆಲಸಕ್ಕೆ ಬರುವುದು ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್. ಇನ್ನೊಂದು ಬಗೆ ರಕ್ತ ಮಂದವಾಗಿ ಹರಿಯುವಲ್ಲಿ ಆಗುತ್ತದೆ. ಹಾಲಿಗೆ ಹೆಪ್ಪು ಹಾಕಿ ಅಲುಗಾಡಿಸದೆ ಇಟ್ಟರೆ ಮೊಸರಾಗುತ್ತದಲ್ಲ, ಹಾಗೆ. ಕಾಲಿನ ಆಳದ ರಕ್ತನಾಳ, ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಸರಿಯಾಗಿ ಸಂಕುಚಿಸದೆ ಬರೀ ಕಂಪಿಸುವ ಹೃತ್ಕರ್ಣ, ಲೋಹದ ಕೃತಕ ಕವಾಟ ಇಂಥ ಜಾಗಗಳು. ಇಲ್ಲಿ ಹೆಪ್ಪನ್ನು ಹೆಣೆಯುವುದು ಮುಖ್ಯವಾಗಿ ಫೈಬ್ರಿನ್ ಎಂಬ ಎಳೆ. ಆಗ ಬೇಕಾಗುವುದು ಹೆಪರಿನ್, ವಾರ್ಫರಿನ್ ಅಥವಾ ಅಪಿಕ್ಸಬಾನ್‌ನಂಥ ಹೊಸ ಮಾತ್ರೆ. ಏಟ್ರಿಯಲ್ ಫಿಬ್ರಿಲೇಷನ್ ಇರುವವರ ಲಕ್ವ ತಡೆಯಲು ‘ಆಸ್ಪಿರಿನ್ ಸಾಕು, ಸೌಮ್ಯ’ ಎಂದುಕೊಂಡರೆ ಕಾಪಾಡುವ ಬಲ ಕಡಿಮೆ, ರಕ್ತಸ್ರಾವದ ಭಯ ಮಾತ್ರ ತಪ್ಪುವುದಿಲ್ಲ. ಹೃದ್ರೋಗವೇ ಇಲ್ಲದ ಹಿರಿಯರು ‘ಇರಲಿ’ ಎಂದು ದಿನಾ ಆಸ್ಪಿರಿನ್ ನುಂಗುವುದಕ್ಕೂ ಈಗ ಬೆಂಬಲವಿಲ್ಲ.

ಇಲಿಪಾಷಾಣದಿಂದ ಬಂದ ಔಷಧ

ವಾರ್ಫರಿನ್ ಕಥೆ ದನದ ಕೊಟ್ಟಿಗೆಯಲ್ಲಿ ಶುರುವಾಗುತ್ತದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲುಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವೇ ಕಾರಣವೆಂದು ಪಶುವೈದ್ಯರು ಕಂಡುಕೊಂಡರು. 1933ರ ಫೆಬ್ರುವರಿಯ ಹಿಮಗಾಳಿಯಲ್ಲಿ ವಿಸ್ಕಾನ್ಸಿನ್‌ನ ರೈತ ಎಡ್ ಕಾರ್ಲ್‌ಸನ್ ಸತ್ತ ಪಡ್ಡೆ, ಆ ಮೇವು ಮತ್ತು ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನು ಗಾಡಿಗೆ ಹೇರಿಕೊಂಡು ಮ್ಯಾಡಿಸನ್‌ನಲ್ಲಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಬಾಗಿಲು ತಟ್ಟಿದ. ಆರು ವರ್ಷಗಳ ದುಡಿಮೆಯ ನಂತರ ಲಿಂಕ್ ತಂಡಕ್ಕೆ ಡೈಕೂಮರಾಲ್ ಸಿಕ್ಕಿತು. ಅದರ ಬಳಗದಿಂದ ಬಂದ ವಾರ್ಫರಿನ್ 1948ರಲ್ಲಿ ಇಲಿ ಕೊಲ್ಲುವ ವಿಷವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ಹೆಪ್ಪು ಕಟ್ಟುವ ಕೆಲವು ಪ್ರೋಟೀನುಗಳನ್ನು ಯಕೃತ್ತು ಸಿದ್ಧ ಮಾಡಲು ವಿಟಮಿನ್ ಕೆ ಬೇಕು. ವಾರ್ಫರಿನ್ ಆ ವಿಟಮಿನ್ನಿನ ಮರುಬಳಕೆಯನ್ನು ತಡೆಯುತ್ತದೆ. ಭಾರತದಲ್ಲಿ ಅಸೆನೊಕೂಮರಾಲ್ ಎಂಬ ಅದರ ಸೋದರನೂ ಬಹಳ ಬಳಕೆಯಲ್ಲಿದೆ. ಡೋಸ್ ಸರಿಯಿದೆಯೇ ಎಂದು ತಿಳಿಯಲು ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಔಷಧವಿಲ್ಲದವರಲ್ಲಿ ಅದು ಸುಮಾರು 1. ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ 2ರಿಂದ 3ರ ನಡುವೆ, ಲೋಹದ ಮೈಟ್ರಲ್ ಕವಾಟದವರಲ್ಲಿ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಿಸುತ್ತಾರೆ. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಕತ್ತಿಯ ಅಲುಗಿನ ಮೇಲಿನ ನಡಿಗೆ.

ಸೊಪ್ಪಿನ ಪ್ರಶ್ನೆ ಇಲ್ಲಿ ಬರುತ್ತದೆ. ಹರಿವೆ, ಪಾಲಕ್, ನುಗ್ಗೆ ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ. ‘ಸೊಪ್ಪು ಮುಟ್ಟಲೇಬೇಡಿ’ ಎಂಬ ಸಲಹೆ ಊರೂರಲ್ಲಿ ಓಡಾಡುತ್ತಿದೆ, ನನ್ನ ಮಟ್ಟಿಗೆ ಅದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ. ವಾರಕ್ಕೆರಡು ಸಲ ಬಸ್ಸಾರು ಉಣ್ಣುವ ಮನೆಯವರು ವಾರಕ್ಕೆರಡು ಸಲವೇ ಉಣ್ಣಲಿ. ಡೋಸನ್ನು ಅದಕ್ಕೆ ಹೊಂದಿಸಬಹುದು. ತೊಂದರೆಯಾಗುವುದು ಮೂರು ವಾರ ಬಿಟ್ಟು ನಾಲ್ಕನೆಯ ವಾರ ದಿನಾ ತಿಂದಾಗ.

ಔಷಧಗಳ ನಡುವಿನ ಜಗಳ ಇದಕ್ಕಿಂತ ದೊಡ್ಡದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ಡೈಕ್ಲೊಫಿನಾಕ್ ಜಠರದಲ್ಲಿ ರಕ್ತ ಸುರಿಸಬಹುದು.

ಹೊಸದು ಸೋತ ಕಡೆ

2008ರಿಂದೀಚೆಗೆ ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಬಂದವು. ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ, ಮಿದುಳಿನ ರಕ್ತಸ್ರಾವವೂ ಕಡಿಮೆ. ಹೆಚ್ಚಿನ ಏಟ್ರಿಯಲ್ ಫಿಬ್ರಿಲೇಷನ್ ರೋಗಿಗಳಿಗೆ, ಕಾಲಿನ ಹೆಪ್ಪಿಗೆ ಈಗ ಇವೇ ಮೊದಲ ಆಯ್ಕೆ. ಡಾಬಿಗಾಟ್ರಾನ್ ಬಹುಪಾಲು ಕಿಡ್ನಿಯ ಮೂಲಕವೇ ಹೊರಹೋಗುವುದರಿಂದ ಕಿಡ್ನಿ ಸೋತವರಿಗೆ ಆಗದು. ಅಪಿಕ್ಸಬಾನ್ ಅಲ್ಲಿ ಸ್ವಲ್ಪ ಮೇಲು. ರಿವರಾಕ್ಸಬಾನ್ 15, 20 ಮಿಲಿಗ್ರಾಂ ಮಾತ್ರೆಗಳನ್ನು ಊಟದ ಜೊತೆಗೇ ನುಂಗಬೇಕು, ಬರಿ ಹೊಟ್ಟೆಯಲ್ಲಿ ಪೂರ್ತಿ ಮೈಗೆ ಹತ್ತುವುದಿಲ್ಲ. ವಾರ್ಫರಿನ್ನಿನ ಪ್ರಭಾವ ದಿನಗಟ್ಟಲೆ ಉಳಿಯುತ್ತದೆ. ಇವುಗಳದ್ದು ಒಂದು ದಿನದೊಳಗೇ ಇಳಿಯುವುದರಿಂದ ಡೋಸ್ ಮರೆಯುವ ಅಭ್ಯಾಸದವರಿಗೆ ಅಪಾಯ ಹೆಚ್ಚು.

ಆದರೆ ಎರಡು ಕಡೆ ಹಳೆಯ ಇಲಿಪಾಷಾಣವೇ ಗೆದ್ದಿತು. ಲೋಹದ ಕವಾಟದವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ ಅಧ್ಯಯನವನ್ನೇ ನಿಲ್ಲಿಸಬೇಕಾಯಿತು. 2013ರಲ್ಲಿ ಅದು ಪ್ರಕಟವಾಯಿತು. ಎರಡನೆಯದು ನಮಗೆ ಹೆಚ್ಚು ಹತ್ತಿರದ್ದು. ಬಾಲ್ಯದಲ್ಲಿ ಗಂಟಲು ಬೇನೆ, ಕೀಲು ಊತವಾಗಿ ಬಂದು ಹೋಗುವ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಗಂಟಾಗಿಸಿ ಬಿಡುತ್ತದೆ. ಇಕ್ಕಟ್ಟಿನ ಮನೆಗಳ, ಬಡವರ ಮಕ್ಕಳ ಕಾಯಿಲೆ ಅದು. ಅಂಥವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ರಿವರಾಕ್ಸಬಾನ್ ಸಾಕೇ ಎಂದು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ 24 ದೇಶಗಳ ನಾಲ್ಕೂವರೆ ಸಾವಿರ ರೋಗಿಗಳಲ್ಲಿ ನೋಡಿದರು. ಇನ್ವಿಕ್ಟಸ್ ಎಂಬ ಈ ಅಧ್ಯಯನದ 2022ರಲ್ಲಿ ಬಂದ ಫಲಿತಾಂಶ ಎಲ್ಲರ ನಿರೀಕ್ಷೆ ತಲೆಕೆಳಗು ಮಾಡಿತು: ವಾರ್ಫರಿನ್ ಬಗೆಯ ಔಷಧ ಪಡೆದವರಲ್ಲಿ ಸಾವು ಕಡಿಮೆ, ರಕ್ತಸ್ರಾವವೂ ಹೆಚ್ಚಿರಲಿಲ್ಲ.

ತಿಂಗಳಿಗೊಮ್ಮೆ ಪರೀಕ್ಷೆ ಬೇಡುವ ಔಷಧ ಬೇಕಾಗಿರುವುದು ಪ್ರಯೋಗಾಲಯದಿಂದ ಅತಿ ದೂರ ಇರುವವರಿಗೆ! ಬಸ್ಸಿನ ಪ್ರಶ್ನೆ ಎತ್ತಿದ್ದು ಇದಕ್ಕೇ. ಬಸುರಿಯಾಗುವ ವಯಸ್ಸಿನ ಹೆಣ್ಣಿಗೆ ಲೋಹದ ಕವಾಟವೋ ಪ್ರಾಣಿಯ ಅಂಗಾಂಶದ ಕವಾಟವೋ ಎಂದು ನಿರ್ಧರಿಸುವಾಗಲೂ ಈ ಔಷಧ ಅಡ್ಡ ಬರುತ್ತದೆ, ಏಕೆಂದರೆ ವಾರ್ಫರಿನ್ ಬಸುರಿನ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು.

ಎದೆನೋವಿನ ಮೊದಲ ಗಂಟೆ

ಹೃದಯಾಘಾತದಲ್ಲಿ ಆಯ್ಕೆಗೆ ಸಿಗುವುದು ನಿಮಿಷಗಳು. 17 ಸಾವಿರಕ್ಕೂ ಹೆಚ್ಚು ರೋಗಿಗಳ ಐಸಿಸ್-2 ಅಧ್ಯಯನ 1988ರಲ್ಲಿ ಹೇಳಿದ್ದು ಸರಳ: ತಿಂಗಳ ಕಾಲ ದಿನಕ್ಕೊಂದು ಆಸ್ಪಿರಿನ್ ಕೊಟ್ಟರೆ ಸಾವು ಸುಮಾರು ಕಾಲುಭಾಗ ತಗ್ಗುತ್ತದೆ, ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಜೊತೆ ಸೇರಿದರೆ ಇನ್ನೂ ತಗ್ಗುತ್ತದೆ. ಆಂಜಿಯೊಪ್ಲಾಸ್ಟಿ ಬೇಗ ಸಿಗುವ ಊರಲ್ಲಿ ಅದೇ ಮೇಲು. ಸಿಗದ ತಾಲ್ಲೂಕುಗಳಿಗಾಗಿ ಕರ್ನಾಟಕ ಸರ್ಕಾರ 2023ರ ನವೆಂಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುವ ಏರ್ಪಾಡು ಅದು. ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾದವರಿಗೆ, ಈಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಈ ಇಂಜೆಕ್ಷನ್ ಕೊಡುವಂತಿಲ್ಲ. ಇದನ್ನು ಹೇಳಬೇಕಾದವರು ಜೊತೆಗೆ ಬಂದ ಮನೆಯವರು.

ಒಂದು ಎಚ್ಚರ: ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದವರಿಗೆ ಮನೆಯಲ್ಲಿ ಆಸ್ಪಿರಿನ್ ಹಾಕಬಾರದು. ಅದು ಹೆಪ್ಪಿನ ಲಕ್ವವೋ ರಕ್ತಸ್ರಾವದ ಲಕ್ವವೋ ಸ್ಕ್ಯಾನ್ ಮಾಡದೆ ತಿಳಿಯದು.

ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಇನ್ನೊಂದು ಮಾತ್ರೆ. ಹೃದಯಾಘಾತವಾಗಿದ್ದರೆ ಸಾಮಾನ್ಯವಾಗಿ ಒಂದು ವರ್ಷ. ಕ್ಲೊಪಿಡೊಗ್ರೆಲ್‌ಗೆ ಒಮೆಪ್ರಜೋಲ್ ಅಡ್ಡಿ ಮಾಡುವುದರಿಂದ ಹೊಟ್ಟೆ ಉರಿಗೆ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ. ಟಿಕಾಗ್ರೆಲಾರ್ ಕೆಲವರಿಗೆ ಉಸಿರು ಕಟ್ಟಿದ ಭಾವ ತರುತ್ತದೆ. ಹಲ್ಲು ಕೀಳಿಸಲೆಂದು ಇವನ್ನು ತಾವಾಗಿ ನಿಲ್ಲಿಸಿ ಸ್ಟೆಂಟ್ ಮುಚ್ಚಿಹೋದವರಿದ್ದಾರೆ.

ಸೋತ ಹೃದಯ

ಹೃದಯ ವೈಫಲ್ಯದಲ್ಲಿ ಬೀಟಾ ಬ್ಲಾಕರ್ ಕೊಡಬಾರದು ಎಂದು ಒಂದು ಕಾಲಕ್ಕೆ ಪಾಠ ಹೇಳುತ್ತಿದ್ದರು. 1999ರಲ್ಲಿ ಬಂದ ಅಧ್ಯಯನಗಳು ಅದನ್ನು ತಿರುಗಿಸಿ ಹಾಕಿದವು. ಸಣ್ಣ ಡೋಸಿನಿಂದ ಶುರುಮಾಡಿ ನಿಧಾನವಾಗಿ ಏರಿಸಿದರೆ ಆಯುಸ್ಸು ಹೆಚ್ಚುತ್ತದೆ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಕೂಡ 2019ರಿಂದ ಸಕ್ಕರೆ ಇಲ್ಲದವರ ಸೋತ ಹೃದಯಕ್ಕೂ ಒದಗಿದೆ. 1785ರಲ್ಲಿ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲೋವ್ ಗಿಡದ ಬಗ್ಗೆ ಬರೆದ ಪುಸ್ತಕದಿಂದ ಬೆಳೆದ ಡಿಗಾಕ್ಸಿನ್ ಇಂದೂ ಕಪಾಟಿನಲ್ಲಿದೆ, ಹಿಂದಿನ ಸಾಲಿಗೆ ಸರಿದಿದೆ ಅಷ್ಟೆ.

ಆಯ್ಕೆಯೇ ಬೇಡ ಎಂದವರು

ಇಷ್ಟೆಲ್ಲ ಅಳೆದು ಸುರಿಯುವ ಬದಲು ಎಲ್ಲವನ್ನೂ ಒಂದೇ ಗುಳಿಗೆಯಲ್ಲಿ ತುಂಬಿಸಿದರೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಮುಂಚೂಣಿಯಲ್ಲಿದ್ದ, 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ಇದನ್ನೇ ಕೇಳಿತು. ದೇಶದ 50 ಕೇಂದ್ರಗಳಲ್ಲಿ 2,053 ಮಂದಿ ಪಾಲ್ಗೊಂಡರು. ಪರೀಕ್ಷಿಸಿದ್ದು ಬಿಪಿಯ ಮೂರು ಔಷಧ, ಕೊಬ್ಬು ಇಳಿಸುವ ಒಂದು ಸ್ಟ್ಯಾಟಿನ್, ಆಸ್ಪಿರಿನ್ ಸೇರಿದ ಪಾಲಿಕ್ಯಾಪ್. ಒತ್ತಡವೂ ಕೊಬ್ಬೂ ಇಳಿದವು, ಗುಳಿಗೆ ಸಹಿಸಿಕೊಳ್ಳುವಂತಿತ್ತು. ಆದರೆ ಉಬ್ಬಸದವರಿಗೆ ಅದರೊಳಗಿನ ಅಟೆನೊಲಾಲ್ ಒಂದನ್ನೇ ಹೆಕ್ಕಿ ತೆಗೆಯಲು ಬರುವುದಿಲ್ಲವಲ್ಲ.

ವೈದ್ಯರ ಬಳಿ ಹೋಗುವ ಮುನ್ನ

ಮುಂದಿನ ಸಲ ಹೋಗುವಾಗ ಹಳೆಯ ಚೀಟಿಯ ಜೊತೆಗೆ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ನೋವಿನ ಮಾತ್ರೆ, ಕಷಾಯದ ಪುಡಿ, ನಾಟಿ ಔಷಧ ಯಾವುದನ್ನೂ ಮುಚ್ಚಿಡಬೇಡಿ. ಬೀಟಾ ಬ್ಲಾಕರ್ ಮತ್ತು ಕ್ಲೊನಿಡಿನ್ ಎಂಬ ಬಿಪಿ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ, ಬಿಪಿ ಪುಟಿದೇಳುತ್ತದೆ. ಹೊರಡುವ ಮುನ್ನ ಪ್ರತಿ ಸ್ಟ್ರಿಪ್ ತಿರುಗಿಸಿ ದೊಡ್ಡಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು ಅದರ ಕೆಳಗಿನ ಸಣ್ಣಕ್ಷರದ ಔಷಧದ ಹೆಸರನ್ನು ಓದಿ, ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಂದ ಓದಿಸಿ. ಇಬ್ಬರು ವೈದ್ಯರು ಬರೆದ ಎರಡು ಬೇರೆ ಬ್ರ್ಯಾಂಡ್‌ಗಳಲ್ಲಿ ಒಂದೇ ಔಷಧದ ಹೆಸರು ಕಂಡರೆ, ಎರಡನ್ನೂ ಮೇಜಿನ ಮೇಲಿಟ್ಟು ‘ಇದರಲ್ಲಿ ಯಾವುದು ಬಿಡಲಿ?’ ಎಂದು ಕೇಳಿ.